ತಳದ ಮೀನಿಗೆ ತಂಗಳೂಟ

ಮನೆಯಲ್ಲಿ ಅಕ್ವೇರಿಯಂ ಇಟ್ಟವರನ್ನು ಒಮ್ಮೆ ಕೇಳಿ ನೋಡಿ, ತಳಕ್ಕೆ ಯಾವ ಮೀನು ಬಿಟ್ಟಿದ್ದೀರಿ ಅಂತ. ಎಷ್ಟೋ ಜನ ಮೀನಿನ ಹೆಸರಿಗಿಂತ ಮೊದಲು ಅದರ ಕೆಲಸ ಹೇಳ್ತಾರೆ: "ಕ್ಲೀನಿಂಗ್‌ಗೆ ಎರಡು ಬಿಟ್ಟಿದ್ದೀವಿ." ಮೇಲೆ ಈಜುವ ಗಪ್ಪಿ, ಟೆಟ್ರಾಗಳನ್ನು ಯಾರೂ ಹೀಗೆ ಪರಿಚಯಿಸುವುದಿಲ್ಲ. ಅವು ಚಂದಕ್ಕೆ, ತಳದವು ಕೆಲಸಕ್ಕೆ.

ನಾನೂ ಹಾಗೇ ಹೇಳಿದವನು. ಜರ್ಮನಿಗೆ ಬಂದ ಮೂರನೇ ಚಳಿಗಾಲದಲ್ಲಿ 54 ಲೀಟರಿನ ಟ್ಯಾಂಕ್ ತಂದೆ. ಹತ್ತು ಟೆಟ್ರಾ, ತಳಕ್ಕೆ ಎರಡು ಕಂಚು ಬಣ್ಣದ ಕೋರಿಡೋರಸ್. ನೋಡಲು ಚೆನ್ನಾಗಿರುತ್ತೆ ಅಂತ ಚೂಪು ಅಂಚಿನ ಕಪ್ಪು ಜಲ್ಲಿ ಹಾಸಿದೆ. ಅವೆರಡಕ್ಕೆ ಬೇರೆ ಊಟ ಹಾಕಲಿಲ್ಲ, ಮೇಲಿನವು ಬಿಟ್ಟದ್ದನ್ನ ತಿನ್ಕೊಳ್ತವಲ್ಲ ಅಂತ. ಕೆಲವು ತಿಂಗಳಲ್ಲಿ ಅವುಗಳ ಮೀಸೆ ಸವೆದು ಮೊಂಡಾಯಿತು. ಒಂದು ಸತ್ತಿತು. ಇನ್ನೊಂದು ಫಿಲ್ಟರಿನ ಹಿಂದೆ ಸೇರಿಕೊಂಡು, ಅಲ್ಲೇ ಇದ್ದು, ಅಲ್ಲೇ ಹೋಯಿತು.

ಆಮೇಲೆ ಓದಿದೆ. ಮೊದಲೇ ಓದಬೇಕಿತ್ತು, ಬಿಡಿ. ಕೋರಿಡೋರಸ್ ದಕ್ಷಿಣ ಅಮೆರಿಕದ ಪುಟ್ಟ ಕ್ಯಾಟ್‌ಫಿಶ್. ಮೀಸೆಯಿಂದ ಮರಳು ತಡಕಿ ಹುಳ ಹುಡುಕುತ್ತದೆ. ಬಾಯಿತುಂಬ ಮರಳು ತೆಗೆದುಕೊಂಡು ಕಿವಿರಿನಿಂದ ಹೊರಗೆ ಬಿಡುತ್ತದೆ. ನಡುನಡುವೆ ಸರ್ರನೆ ಮೇಲೆದ್ದು ಒಂದು ಗುಟುಕು ಗಾಳಿ ನುಂಗಿ ಬರುತ್ತದೆ. ಆ ಗಾಳಿಯ ಆಮ್ಲಜನಕವನ್ನು ಕರುಳಿನಿಂದಲೇ ಹೀರಿಕೊಳ್ಳಬಲ್ಲದು. ಅದು ಗುಂಪಿನ ಜೀವ, ಆರಾದರೂ ಇರಬೇಕು. ಇನ್ನು ಕ್ಲೀನಿಂಗ್ ವಿಷಯ: ಬೇರೆ ಮೀನಿನ ಹಿಕ್ಕೆಯನ್ನು ಅದು ತಿನ್ನುವುದಿಲ್ಲ, ತನ್ನದನ್ನೂ ಅದಕ್ಕೆ ಸೇರಿಸುತ್ತದೆ ಅಷ್ಟೆ. ಅಮೋನಿಯಾವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವುದು ಬ್ಯಾಕ್ಟೀರಿಯಾ. ಆ ನೈಟ್ರೇಟನ್ನು ಹೊರಗೆ ಹಾಕಬೇಕಾದವರು ಬಕೆಟ್ ಹಿಡಿದ ನೀವು. ಅಂದರೆ ನಾನು ಅವಕ್ಕೆ ಒಪ್ಪಿಸಿದ ಕೆಲಸ ಅವುಗಳದ್ದೇ ಅಲ್ಲ.

ಆದರೆ ನನ್ನನ್ನು ಕಾಡಿದ್ದು ಅಜ್ಞಾನ ಅಲ್ಲ, "ತಿನ್ಕೊಳ್ತವಲ್ಲ" ಅನ್ನೋ ಮಾತು. ಆ ಮಾತು ನನಗೆ ಎಲ್ಲಿಂದ ಬಂತು ಅಂತ ಗೊತ್ತು. ಮೈಸೂರಿನ ನಮ್ಮ ಮನೆಯ ಹಿತ್ತಿಲ ಕಟ್ಟೆ ಮೇಲೆ ಒಂದು ಸ್ಟೀಲ್ ತಟ್ಟೆ, ಒಂದು ಲೋಟ ಬೇರೆಯೇ ಇರುತ್ತಿದ್ದವು. ಪಾತ್ರೆ ತೊಳೆಯಲು ಬರುತ್ತಿದ್ದವರಿಗೆ ಆ ತಟ್ಟೆಯಲ್ಲಿ ನಿನ್ನೆಯ ಅನ್ನ, ನಿನ್ನೆಯ ಸಾರು. ಕೊಟ್ಟ ನಮಗೆ ಅದು ದಾನದ ಹಾಗೆ ಕಾಣುತ್ತಿತ್ತು. ಮೀನನ್ನು ಮನುಷ್ಯರಿಗೆ ಹೋಲಿಸುತ್ತಿದ್ದೇನೆ ಅಂದುಕೊಳ್ಳಬೇಡಿ. ಹೋಲಿಕೆ ಇರುವುದು ಎರಡೂ ಕಡೆ ಉಳಿದದ್ದನ್ನು ಹಾಕಿದ ನನ್ನ ಕೈಯಲ್ಲಿ.

ಉಪಯೋಗಕ್ಕೆ ಸಾಕುವುದೇ ತಪ್ಪಾ ಅಂತ ನೀವು ಕೇಳಬಹುದು. ಇಲ್ಲ ಅನ್ನಿಸುತ್ತೆ. ಎತ್ತು ಸಾಕುವುದು ಉಳುಮೆಗೇ. ಆದರೆ ಕಾರ ಹುಣ್ಣಿಮೆಗೆ ಅದರ ಮೈ ತೊಳೆದು ಕೊಂಬಿಗೆ ಬಣ್ಣ ಬಳಿಯುವ ರೈತನಿಗೆ ಎತ್ತು ಏನು ತಿನ್ನುತ್ತೆ, ಎಲ್ಲಿ ಮಲಗುತ್ತೆ ಗೊತ್ತು. ಕೆಲಸ ತೆಗೆದುಕೊಂಡವನ ಮೇಲೆ ಸಾಲ ಇರುತ್ತದೆ, ಅವನು ಅದನ್ನು ಒಪ್ಪಿಕೊಂಡಿರುತ್ತಾನೆ. ನಮ್ಮ "ಕ್ಲೀನರ್" ಲೆಕ್ಕದಲ್ಲಿ ಆ ಸಾಲ ಎಲ್ಲೂ ಬರುವುದಿಲ್ಲ. ಗಾಜಿನ ಪಾಚಿ ತಿನ್ನುತ್ತೆ ಅಂತ ಬೆರಳುದ್ದದ ಪ್ಲೆಕೊ ಕೊಡುತ್ತಾರೆ. ಸಾಮಾನ್ಯ ಪ್ಲೆಕೊ 30 ಸೆಂಟಿಮೀಟರ್ ಮೀರಿ ಬೆಳೆಯುತ್ತದೆ. ಆಗ ಕೆಲವರು ಅದನ್ನು ಕೆರೆಗೆ ಬಿಡುತ್ತಾರೆ. ಭಾರತದ ಎಷ್ಟೋ ಕೆರೆ-ಹೊಳೆಗಳಲ್ಲಿ ಅದು ಈಗ ಹರಡಿಕೊಂಡಿದೆ.

ಹೋದ ವರ್ಷ ಮತ್ತೆ ಆರಿಸುವ ಹೊತ್ತು ಬಂತು. ಅಂಗಡಿಯ ಒಂದು ತೊಟ್ಟಿಯಲ್ಲಿ ಮೈತುಂಬ ತೆಳು ಪಟ್ಟೆಯ ಮೀನುಗಳು: ಝೀಬ್ರಾ ಲೋಚ್, ಬೋಟಿಯಾ ಸ್ಟ್ರಿಯಾಟಾ. ಚೀಟಿಯಲ್ಲಿ ಬರೆದದ್ದು ಇಷ್ಟೇ, ಬಸವನಹುಳು ತಿನ್ನುತ್ತದೆ. ಮತ್ತೆ ಕೆಲಸ! ಊರು ಬರೆದಿರಲಿಲ್ಲ. ಊರು ನಮ್ಮದೇ, ಪಶ್ಚಿಮ ಘಟ್ಟ. 1920ರಲ್ಲಿ ಇದನ್ನು ಹೊಸ ಪ್ರಭೇದ ಅಂತ ವಿವರಿಸಿದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಧ್ಯಾಪಕ ಸಿ.ಆರ್. ನಾರಾಯಣ ರಾವ್, ತುಂಗಾ ನದಿಯ ಮೀನು ನೋಡಿ. ಐಯುಸಿಎನ್ ಕೆಂಪುಪಟ್ಟಿಯಲ್ಲಿ ಇದು ಅಳಿವಿನಂಚಿನಲ್ಲಿದೆ.

ತುಂಗೆಯ ಮೀನು ಅಂದರೆ ನನಗೆ ಶೃಂಗೇರಿಯ ಮೆಟ್ಟಿಲು, ಕೈಯಲ್ಲಿ ಮಂಡಕ್ಕಿ. ಅಲ್ಲಿ ಮೀನು ಹಿಡಿಯುವ ಹಾಗಿಲ್ಲ. ಅದೇ ಹೊಳೆಯ ಜೀವ ಇಲ್ಲಿ ಬೆಲೆಚೀಟಿ ಹಚ್ಚಿಕೊಂಡು ನಿಂತಿತ್ತು. ನಿಜ ಹೇಳ್ತೀನಿ, ತಕ್ಷಣ ಬಂದದ್ದು ಕರುಣೆ ಅಲ್ಲ, ಆಸೆ. ನಮ್ಮೂರ ಕಡೆಯದು, ಮನೆಯಲ್ಲಿರಲಿ ಅಂತ. ಅದೂ ಒಂದು ಕೆಲಸವೇ ತಾನೆ? ಬಸವನಹುಳು ತಿನ್ನುವ ಬದಲು ನನ್ನ ಊರ ನೆನಪನ್ನು ಕಾಯುವ ಕೆಲಸ.

ಕೊಳ್ಳದಿದ್ದರೆ ಕೈ ಶುದ್ಧ ಅಂತಲೂ ಅಲ್ಲ. ಬ್ರೆಜಿಲ್‌ನ ರಿಯೊ ನೀಗ್ರೊ ದಡದ ಬಾರ್ಸೆಲೋಸ್‌ನಲ್ಲಿ ಕಾರ್ಡಿನಲ್ ಟೆಟ್ರಾ ಹಿಡಿದು ಬದುಕುವ ಕುಟುಂಬಗಳಿವೆ. ಮೀನಿಗೆ ಗಿರಾಕಿ ಇದ್ದರೆ ಕಾಡು ಉಳಿಸಿಕೊಳ್ಳಲು ಅವರಿಗೆ ಕಾರಣವೂ ಇರುತ್ತದೆ. ಈ ವಾದಕ್ಕೆ ತೂಕ ಇದೆ. ಹಾಗಾಗಿ ಅಂಗಡಿಯವರನ್ನು ಕೇಳಿದೆ, ಇವು ಹೊಳೆಯಲ್ಲಿ ಹಿಡಿದವೋ, ಸಾಕಣೆಯಲ್ಲಿ ಹುಟ್ಟಿದವೋ? ಅವರು ಭುಜ ಹಾರಿಸಿದರು. ಇಷ್ಟು ಕಮ್ಮಿ ಉಳಿದಿರುವ ಜೀವದ ವಿಷಯದಲ್ಲಿ ನನಗೆ ಆ ಉತ್ತರ ಸಾಕಾಗಲಿಲ್ಲ. ಬಿಟ್ಟು ಬಂದೆ.

ಈಗ ಟ್ಯಾಂಕ್ 112 ಲೀಟರಿನದು, ತಳಕ್ಕೆ ನುಣುಪು ಮರಳು. ಸಾಕಣೆಯಲ್ಲೇ ಹುಟ್ಟಿದ ಎಂಟು ಕೋರಿಡೋರಸ್. ಮುಳುಗುವ ಗುಳಿಗೆಗಳನ್ನು ದೀಪ ಆರಿಸಿದ ಮೇಲೆ ಹಾಕುತ್ತೇನೆ, ಮೇಲಿನವು ಕಸಿದುಕೊಳ್ಳದಿರಲಿ ಅಂತ. ನೀರನ್ನು ವಾರಕ್ಕೊಮ್ಮೆ ನಾನೇ ಬದಲಾಯಿಸುತ್ತೇನೆ. ಆ ಅಂಗಡಿಗೆ ಹೋದಾಗ ಪಟ್ಟೆ ಮೀನಿನ ತೊಟ್ಟಿಯ ಮುಂದೆ ಈಗಲೂ ಸ್ವಲ್ಪ ಹೊತ್ತು ನಿಲ್ಲುತ್ತೇನೆ.