ವಾಹನದ ಕಾವಲು ಮತ್ತು ಶ್ರಾವಕನ ವ್ರತ



ದಶಲಕ್ಷಣ ಪರ್ವದ ಒಂಬತ್ತನೆಯ ದಿನ ಉತ್ತಮ ಆಕಿಂಚನ್ಯ ಧರ್ಮದ ಆರಾಧನೆ. ತನ್ನದೆಂಬುದು ಲೋಕದಲ್ಲಿ ಯಾವುದೂ ಇಲ್ಲವೆಂಬ ಭಾವನೆಯನ್ನು ಶ್ರಾವಕನು ಅಂದು ಅಭ್ಯಾಸ ಮಾಡುತ್ತಾನೆ. ಅದೇ ಹೊತ್ತಿನಲ್ಲಿ ಬಸದಿಯ ಹೊರಗೆ ಓಣಿಯ ಎರಡೂ ಮಗ್ಗುಲಿಗೆ ಕಾರುಗಳು ಸಾಲಾಗಿ ನಿಂತಿರುತ್ತವೆ. ಒಳಗೆ ಕುಳಿತವನಿಗೆ ಹೊರಗಿನ ಕಾರಿನ ಚಿಂತೆ ಬರುವುದು ನಗೆಯಾಡುವ ಸಂಗತಿಯಲ್ಲ. ಸಂಸಾರಿಗೆ ಅದು ಸಹಜ. ಆದರೆ ಆ ಚಿಂತೆಗೆ ಈಗ ಒಂದು ಕಣ್ಣು ಬಂದಿದೆ. ಆ ಕಣ್ಣಿನ ವಿಷಯದಲ್ಲಿ ವ್ರತಧಾರಿಗಳು ಸ್ವಲ್ಪ ವಿಚಾರ ಮಾಡಬೇಕಾಗಿದೆ.

ಹುಬ್ಬಳ್ಳಿಯ ಒಬ್ಬ ಶ್ರಾವಕರ ಪ್ರಸಂಗವನ್ನು ತೆಗೆದುಕೊಳ್ಳೋಣ. ಅಣುವ್ರತಗಳನ್ನು ಸ್ವೀಕರಿಸಿದವರು, ವ್ಯಾಪಾರದಲ್ಲಿ ನೇರ ನಡೆಯವರು. ಆಕಿಂಚನ್ಯದ ದಿನ ಅವರಿಗೆ ಉಪವಾಸ. ಉಪವಾಸದ ದಿನ ಕಾರಿನಲ್ಲಿ ಬರುವುದು ಎಷ್ಟು ಸರಿಯೆಂಬುದು ಬೇರೆ ಪ್ರಶ್ನೆ. ವೃದ್ಧ ತಾಯಿಯವರು ಜೊತೆಗಿದ್ದರು, ಅದನ್ನಿಲ್ಲಿ ಎತ್ತುವುದು ಬೇಡ. ಹಿಂದಿನ ವರ್ಷ ಇದೇ ಓಣಿಯಲ್ಲಿ ಯಾರೋ ಅವರ ಕಾರಿನ ಬಾಗಿಲಿಗೆ ಉದ್ದಕ್ಕೂ ಗೀರೆಳೆದು ಹೋಗಿದ್ದರು. ಆದ್ದರಿಂದ ಈ ಸಲ ಕಾರಿಗೆ ಒಂದು ಕ್ಯಾಮೆರಾ ಕೂಡಿಸಿದ್ದರು.

ಈ ಯಂತ್ರದ ಸ್ವಭಾವವನ್ನು ತಿಳಿಯದೆ ಮುಂದಿನ ಮಾತು ಅರ್ಥವಾಗದು. ಕಾರು ನಿಂತ ಮೇಲೆ ಎಂಜಿನ್ ಇರುವುದಿಲ್ಲ. ಕ್ಯಾಮೆರಾ ಕಾರಿನ 12 ವೋಲ್ಟ್ ಬ್ಯಾಟರಿಯಿಂದಲೇ ಬದುಕಬೇಕು. ಎಡೆಬಿಡದೆ ಚಿತ್ರ ತೆಗೆಯುತ್ತಿದ್ದರೆ ಬ್ಯಾಟರಿ ಬರಿದಾಗಿ ಕಾರು ಏಳದೆ ಹೋದೀತು. ಆದಕಾರಣ ಅದನ್ನು ನಿದ್ರೆಯಲ್ಲಿರಿಸುತ್ತಾರೆ. ಯಾವುದಾದರೂ ಚಲಿಸಿದರೆ ಅಥವಾ ಕಾರಿಗೆ ಪೆಟ್ಟು ತಗುಲಿದರೆ ಎಚ್ಚರವಾಗುತ್ತದೆ. ಬ್ಯಾಟರಿಯ ಶಕ್ತಿ ಗೊತ್ತುಪಡಿಸಿದ ಮಟ್ಟಕ್ಕಿಂತ ಕೆಳಗಿಳಿದರೆ ತಾನೇ ಆರಿಹೋಗುವಂತೆಯೂ ಏರ್ಪಾಡು ಮಾಡಬಹುದು. ಮನೆಯ ಬಾಗಿಲಲ್ಲಿ ಮನುಷ್ಯರ ಮೈಯ ಶಾಖವನ್ನು ಗುರುತಿಸುವ ಸಾಧನವಿರುತ್ತದಷ್ಟೆ; ಅದು ಕಾರಿನೊಳಗೆ ಪ್ರಯೋಜನಕ್ಕೆ ಬಾರದು, ಏಕೆಂದರೆ ಆ ಶಾಖಕಿರಣವನ್ನು ಗಾಜು ತಡೆಯುತ್ತದೆ. ಆದುದರಿಂದ ಕಾರಿನ ಕ್ಯಾಮೆರಾ ಒಂದು ಚಿತ್ರಕ್ಕೂ ಮರುಚಿತ್ರಕ್ಕೂ ಇರುವ ವ್ಯತ್ಯಾಸವನ್ನು ನೋಡಿಯೋ, ರಾಡಾರ್ ತರಂಗದಿಂದಲೋ ಚಲನೆಯನ್ನು ಅರಿಯುತ್ತದೆ. ಚಲಿಸಿದ್ದು ಏನೆಂಬ ವಿವೇಕ ಅನೇಕ ಯಂತ್ರಗಳಿಗಿಲ್ಲ. ಬೇವಿನ ಎಲೆ ಉದುರಿದರೂ ಒಂದೇ, ಕಳ್ಳನು ಬಂದರೂ ಒಂದೇ.

ಈ ಶ್ರಾವಕರ ಯಂತ್ರದಲ್ಲಿ ಸಿಮ್ ಕೂಡ ಇತ್ತು. ಎಚ್ಚರವಾದಾಗಲೆಲ್ಲ ಅದು ಅವರ ಫೋನಿಗೆ ಸುದ್ದಿ ಕಳಿಸುತ್ತಿತ್ತು. ಸಾಮಾಯಿಕಕ್ಕೆ ಕುಳಿತಾಗ ಫೋನು ಉತ್ತರೀಯದ ಮಡಿಕೆಯಲ್ಲಿತ್ತು. ಒಂದು ಮುಹೂರ್ತವೆಂದರೆ 48 ನಿಮಿಷ. ಅಷ್ಟರಲ್ಲಿ ಅದು ಏಳು ಸಲ ನಡುಗಿತು. ಮೊದಲ ಸಲ ನಾಯಿ, ಆಮೇಲೆ ತಳ್ಳುಗಾಡಿ, ಆಮೇಲೆ ಬರಿಯ ನೆರಳು. ಪ್ರತಿ ಸಲವೂ ಅವರು ಕಣ್ಣು ತೆರೆದು ನೋಡಿದರು. ಏಳನೆಯ ಸಲ ಕಂಡದ್ದು, ಪಕ್ಕದ ಗಾಜಿನಾಚೆ ಬಾಗಿ ನಿಂತ ಒಬ್ಬ ಹುಡುಗ. ಅವನ ಕೈ ಕಾರಿನ ಕನ್ನಡಿಯ ಮೇಲಿತ್ತು.

ಸಾಮಾಯಿಕ ಅಲ್ಲಿಗೆ ಮುಗಿಯಿತು. ಅವರು ಹೊರಗೆ ಬರುವಷ್ಟರಲ್ಲಿ ಹುಡುಗನಿರಲಿಲ್ಲ. ಕನ್ನಡಿಯ ಅಂಚಿನಲ್ಲಿ ಬಿರುಕಿತ್ತು. ಹನ್ನೊಂದು ಸೆಕೆಂಡಿನ ಆ ಚಿತ್ರವನ್ನು ಓಣಿಯವರ ವಾಟ್ಸಾಪ್ ಬಳಗಕ್ಕೆ ಹಾಕಿ, ಕನ್ನಡಿ ಕದಿಯಲು ಬಂದವನು, ಎಚ್ಚರವಿರಲಿ ಎಂದು ಬರೆದರು. ಹುಡುಗನನ್ನು ಗುರುತಿಸುವುದು ಕಷ್ಟವಾಗಲಿಲ್ಲ. ಮೂಲೆಯ ಚಹಾದಂಗಡಿಯಲ್ಲಿ ಕೆಲಸಕ್ಕಿದ್ದ ಹತ್ತೊಂಬತ್ತು ವರ್ಷದವನು. ಸಾಯಂಕಾಲದೊಳಗೆ ಅಂಗಡಿಯವರು ಅವನ ಲೆಕ್ಕ ತೀರಿಸಿ ಕಳಿಸಿಬಿಟ್ಟರು.

ಎದುರಿನ ಕಿರಾಣಿ ಅಂಗಡಿಗೆ ಹಗಲಿರುಳು ನಿದ್ರೆಯಿಲ್ಲದ ಒಂದು ಕ್ಯಾಮೆರಾ ಇತ್ತು. ಅದರಲ್ಲಿ ಏನಿದೆಯೆಂದು ಎರಡು ದಿನ ಯಾರೂ ನೋಡಲಿಲ್ಲ. ಮೂರನೆಯ ದಿನ ನೋಡಿದಾಗ ತಿಳಿದದ್ದಿಷ್ಟು: ಸಾಮಾನು ತುಂಬಿದ ಆಟೋ ಒಂದು ಹಾಯುವಾಗ ಕಾರಿನ ಕನ್ನಡಿಗೆ ತಗುಲಿ, ಅದನ್ನು ಒಳಕ್ಕೆ ಮಡಚಿ, ನಿಲ್ಲದೆ ಹೋಗಿದೆ. ಚಹಾದ ತಟ್ಟೆ ಹಿಡಿದು ಬರುತ್ತಿದ್ದ ಹುಡುಗ ತಟ್ಟೆಯನ್ನು ಕಟ್ಟೆಯ ಮೇಲಿಟ್ಟು, ಕನ್ನಡಿಯನ್ನು ಹೊರಕ್ಕೆ ತಿರುಗಿಸಿ ನೆಟ್ಟಗೆ ಮಾಡಿ, ತಟ್ಟೆ ಎತ್ತಿಕೊಂಡು ಹೋಗಿದ್ದಾನೆ. ಕಾರಿನ ಕ್ಯಾಮೆರಾವನ್ನು ಎಬ್ಬಿಸಿದ್ದು ಆಟೋ. ಅದು ಎದ್ದು ಕಣ್ಣು ಬಿಡಲು ಕೆಲವು ಸೆಕೆಂಡು ಹಿಡಿಯಿತು. ಬಿಟ್ಟಾಗ ಎದುರಿಗಿದ್ದವನು ಹುಡುಗ. ಯಂತ್ರ ಸುಳ್ಳು ಹೇಳಲಿಲ್ಲ. ತಾನು ಕಂಡದ್ದಕ್ಕಿಂತ ಹಿಂದಿನದನ್ನು ಅದು ಅರಿಯದು, ಅಷ್ಟೆ. ಸುಳ್ಳು ಹುಟ್ಟಿದ್ದು ಚಿತ್ರದ ಕೆಳಗೆ ಬರೆದ ಒಂದು ಸಾಲಿನಲ್ಲಿ.

ಇಲ್ಲಿ ಆ ಶ್ರಾವಕರ ತಪ್ಪು ಯಾವುದು? ಕ್ಯಾಮೆರಾ ಇಟ್ಟದ್ದು ತಪ್ಪೆಂದು ಹೇಳುವುದು ಸುಲಭ, ಆದರೆ ಆಗಮಸಮ್ಮತವಲ್ಲ. ಗೃಹಸ್ಥನಿಗೆ ಸಂಕಲ್ಪೀ ಹಿಂಸೆಯ ತ್ಯಾಗವನ್ನು ವಿಧಿಸಿದ ಆಚಾರ್ಯರು, ತನ್ನವರನ್ನೂ ತನ್ನ ಸ್ವತ್ತನ್ನೂ ಕಾಯುವಾಗ ಒದಗುವ ವಿರೋಧೀ ಹಿಂಸೆಯನ್ನು ಪೂರ್ಣವಾಗಿ ಬಿಡಲು ಅವನಿಗೆ ಸಾಧ್ಯವಿಲ್ಲವೆಂದು ಒಪ್ಪಿದ್ದಾರೆ. ಕೋಲು ಹಿಡಿಯದೆ, ನಾಯಿಯನ್ನು ಕಟ್ಟದೆ, ಯಾರ ಮೈಗೂ ನೋವಾಗದಂತೆ ಕಾಯುವ ಸಾಧನ ಅದರಲ್ಲಿ ಮೇಲಾದುದೇ. ಬಾಹ್ಯ ಪರಿಗ್ರಹದ ಹತ್ತು ಭೇದಗಳಲ್ಲಿ ಯಾನವೂ ಒಂದು. ಪರಿಮಾಣದೊಳಗೆ ಅದನ್ನು ಇಟ್ಟುಕೊಂಡವನು ಕಾಯಬಾರದೆಂದು ಎಲ್ಲಿಯೂ ಹೇಳಿಲ್ಲ.

ಕಾಯುವ ಕೆಲಸ ಬೇರೆ, ಕಾಯುವುದರಲ್ಲೇ ಮನಸ್ಸು ನೆಲೆಸುವುದು ಬೇರೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ರೌದ್ರಧ್ಯಾನದ ನಾಲ್ಕು ನೆಲೆಗಳನ್ನು ಹೇಳುತ್ತಾರೆ. ಹಿಂಸೆ, ಅಸತ್ಯ, ಚೌರ್ಯ, ಈ ಮೂರನ್ನು ಕೇಳಿದಾಗ ಯಾರಿಗೂ ಆಶ್ಚರ್ಯವಾಗದು. ನಾಲ್ಕನೆಯದು ವಿಷಯಸಂರಕ್ಷಣೆ. ಕದಿಯುವವನ ಧ್ಯಾನದ ಪಕ್ಕದಲ್ಲಿಯೇ ಕಾಯುವವನ ಧ್ಯಾನವನ್ನು ಸೂತ್ರಕಾರರು ಇರಿಸಿದ್ದಾರೆ! ಇದು ಅವಿರತನಿಗೆ ಮಾತ್ರವಲ್ಲ, ದೇಶವಿರತನಿಗೂ, ಅಂದರೆ ಅಣುವ್ರತಿಗೂ ಉಂಟಾಗಬಲ್ಲುದೆಂದು ಸೂತ್ರದಲ್ಲಿಯೇ ಇದೆ. ಸಾಮಾಯಿಕದ ನಡುವೆ ಏಳು ಸಲ ಕಣ್ಣು ತೆರೆಸಿದ್ದು ಫೋನಲ್ಲ. ಅದನ್ನು ಉತ್ತರೀಯದಲ್ಲಿ ಕಟ್ಟಿಕೊಂಡು ಬಂದ ಭಾವ.

ಇನ್ನೊಂದು ದೋಷ ಇದಕ್ಕಿಂತ ಸೂಕ್ಷ್ಮವಾದುದು, ಮತ್ತೊಬ್ಬನ ಅನ್ನಕ್ಕೆ ಸಂಬಂಧಿಸಿದುದು. ಸತ್ಯಾಣುವ್ರತದ ಐದು ಅತಿಚಾರಗಳನ್ನು ಪಾಠ ಒಪ್ಪಿಸುವಂತೆ ಹೇಳುವವರು ಬಹಳ ಮಂದಿ. ಕೊನೆಯದಾದ ಸಾಕಾರಮಂತ್ರಭೇದದ ಬಳಿ ನಿಲ್ಲುವವರು ಕಡಿಮೆ. ಇತರರ ಅಂಗಚೇಷ್ಟೆ, ಹುಬ್ಬಿನ ಚಲನೆ ಮೊದಲಾದವುಗಳಿಂದ ಅವರ ಮನದ ಅಭಿಪ್ರಾಯವನ್ನು ಊಹಿಸಿ, ಅಸೂಯೆ ಮುಂತಾದ ಕಾರಣದಿಂದ ಅದನ್ನು ಹೊರಗೆಡಹುವುದೇ ಈ ಅತಿಚಾರವೆಂದು ಪೂಜ್ಯಪಾದಾಚಾರ್ಯರ ವಿವರಣೆ. ಊಹೆ ನಿಜವಾಗಿದ್ದರೂ ಅತಿಚಾರವೇ, ಸುಳ್ಳಾದರಂತೂ ಕೇಳಬೇಕಾಗಿಲ್ಲ. ಕನ್ನಡಿಯ ಮೇಲಿನ ಕೈ ಒಂದು ಅಂಗಚೇಷ್ಟೆ. ಕಳ್ಳತನವೆಂಬುದು ನೋಡಿದವರ ಊಹೆ. ಹುಡುಗನು ಚಹಾದಂಗಡಿಯವನಾಗದೆ ಬಸದಿಗೆ ಬಂದ ಪರಿಚಯದ ಮನೆಯ ಮಗನಾಗಿದ್ದರೆ ಇದೇ ಚಿತ್ರಕ್ಕೆ ಬೇರೆ ಊಹೆ ಹುಟ್ಟುತ್ತಿತ್ತೆಂಬುದನ್ನು ಯಾರು ಅಲ್ಲಗಳೆದಾರು?

ಲೌಕಿಕ ನ್ಯಾಯವೂ ಈ ವಿಷಯದಲ್ಲಿ ಅವಸರಪಡುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ಇಂಥ ಚಿತ್ರದ ಪ್ರತಿಯನ್ನು ನ್ಯಾಯಾಲಯಕ್ಕೆ ಒಪ್ಪಿಸುವಾಗ ಜೊತೆಗೆ ಪ್ರಮಾಣಪತ್ರ ಬೇಕು. ಓಣಿಯ ಬಳಗಕ್ಕೆ ಯಾವ ಪ್ರಮಾಣಪತ್ರವೂ ಬೇಡ. ನಿಜವಾಗಿ ಕಳವಾದರೆ ಮೂಲ ಕಾರ್ಡನ್ನು ತೆಗೆದಿರಿಸಿ ಪೊಲೀಸರಿಗೆ ಕೊಡುವುದೇ ದಾರಿ. ಕಾರ್ಡನ್ನು ಹಾಗೆಯೇ ಬಿಟ್ಟರೆ ಹೊಸ ಚಿತ್ರಗಳು ಹಳೆಯವನ್ನು ಅಳಿಸಿಬಿಡುತ್ತವೆ. ಹಾದಿಹೋಕರೂ ಗೌರವಕ್ಕೆ ಅರ್ಹರು. ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳು ತೀರ್ಮಾನಿಸಿದ ಪ್ರಕರಣದಲ್ಲಿ ಮೊದಲ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು.

ಪರ್ವ ಮುಗಿದು ಕ್ಷಮಾವಣಿ ಬಂದಿತು. ಆ ಶ್ರಾವಕರು ತಿಳಿದೋ ತಿಳಿಯದೆಯೋ ಆದ ಅಪರಾಧಗಳನ್ನು ಮನ್ನಿಸಬೇಕೆಂಬ ಸಂದೇಶವನ್ನು ಎಂದಿನಂತೆ ಎಲ್ಲ ಬಳಗಗಳಿಗೂ ಕಳಿಸಿದರು; ಹೂವಿನ ಚಿತ್ರವೂ ಇತ್ತು. ಆ ಸಂದೇಶ ಮುನ್ನೂರು ಜನರಿಗೆ ಮುಟ್ಟಿತು, ಹುಡುಗನೊಬ್ಬನಿಗೆ ಮುಟ್ಟಲಿಲ್ಲ. ಅವನು ಯಾವ ಬಳಗದಲ್ಲಿಯೂ ಇರಲಿಲ್ಲ. ಇದನ್ನು ಮೊದಲು ಗಮನಿಸಿದವರು ಅವರ ತಾಯಿ. "ಯಾರಿಗೆ ತಪ್ಪು ಮಾಡೀಯೋ ಅವನ ಮನೀಗೆ ಹೋಗಪ್ಪಾ, ಉಳಿದವರು ನಿನಗೇನು ಮಾಡ್ಯಾರ?" ಎಂದರು.

ಅವರು ಹೋದರು. ಹುಡುಗ ಹೊಸ ಕೆಲಸ ಹುಡುಕಲು ಹೋಗಿದ್ದ. ಹೊಸ್ತಿಲಲ್ಲಿ ಅರ್ಧ ಗಂಟೆ ಕಾದರು. ಬಂದವನೆದುರು ಕೈ ಮುಗಿದು ನಡೆದದ್ದನ್ನು ಹೇಳಿದರು. ಅವನು ತಲೆ ತಗ್ಗಿಸಿ, "ಸಾವ್ಕಾರ್ರ, ನನ್ನ ಒಂದು ಮಾತು ಕೇಳಿದ್ರ ಅವತ್ತೇ ಹೇಳ್ತಿದ್ನಿರಿ" ಎಂದನು, ಅಷ್ಟೇ. ಮನ್ನಿಸಿದೆನೆನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ. ಅಂದು ರಾತ್ರಿ ಕಿರಾಣಿ ಅಂಗಡಿಯ ಪೂರ್ಣ ಚಿತ್ರವನ್ನು ಅದೇ ಬಳಗಕ್ಕೆ ಹಾಕಿ, ಕೆಳಗೆ ತಮ್ಮ ತಪ್ಪನ್ನು ತಮ್ಮ ಹೆಸರಿನಲ್ಲಿ ಬರೆದರು. ಚಹಾದಂಗಡಿಯವರ ಬಳಿಗೂ ಹೋದರು. ಅಲ್ಲಿ ಬೇರೊಬ್ಬನು ಸೇರಿಯಾಗಿತ್ತು. ಹುಡುಗನಿಗಾಗಿ ಇನ್ನೂ ಎರಡು ಕಡೆ ಕೇಳಿದ್ದಾರೆ.

ಕ್ಯಾಮೆರಾವನ್ನು ಅವರು ತೆಗೆದುಹಾಕಿಲ್ಲ. ಸಿಮ್ ತೆಗೆದಿದ್ದಾರೆ, ಅದು ತನ್ನಷ್ಟಕ್ಕೆ ಕಾಯುತ್ತದೆ, ಕರೆಯುವುದಿಲ್ಲ. ಫೋನು ಈಗ ಬಸದಿಗೆ ಬರುವುದಿಲ್ಲ. ಮುಂದಿನ ಚತುರ್ದಶಿಯ ಸಾಮಾಯಿಕದಲ್ಲಿ 48 ನಿಮಿಷವೂ ಅವರ ಕಣ್ಣು ಮುಚ್ಚಿದ್ದವು. ಒಳಗೆ ಯಾವ ಚಿತ್ರ ಓಡುತ್ತಿತ್ತೆಂಬುದನ್ನು ಅವರೇ ಬಲ್ಲರು.