ತಿರುಳಿನಲ್ಲಿ ಏನಿರಬೇಕು?

ನಮ್ಮೊಳಗೆ ಸದಾ ಇರಬೇಕಾದ್ದು ಯಾವುದು, ಕರೆದಾಗ ಬಂದರೆ ಸಾಕು ಎನ್ನುವಂಥದ್ದು ಯಾವುದು? ಹಿರಿಯರ ಪ್ರವಚನದಲ್ಲಿ ಬರಬೇಕಾದ ಈ ಪ್ರಶ್ನೆಯನ್ನು ನನ್ನ ತಲೆಗೆ ಹಾಕಿದ್ದು ಕಂಪ್ಯೂಟರು.

ಸುಳ್ಯದಲ್ಲಿ ಇಂಜಿನಿಯರಿಂಗ್ ಓದುವ ನನ್ನ ಅಣ್ಣನ ಮಗಳು ರಜೆಯಲ್ಲಿ ಲಿನಕ್ಸಿನ ಕರ್ನೆಲನ್ನು ತಾನೇ ಕಟ್ಟುತ್ತಿದ್ದಳು. ಕರ್ನೆಲ್ ಎಂದರೆ ತಿರುಳು. ಯಂತ್ರಕ್ಕೂ ನಾವು ಬಳಸುವ ಪ್ರೋಗ್ರಾಮುಗಳಿಗೂ ನಡುವೆ ನಿಂತು ಮನೆವಾರ್ತೆ ನಡೆಸುವ ಭಾಗ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಇದನ್ನು ಲೋಕದ ಮುಂದಿಟ್ಟ. ಇದರ ಮೂಲ ಬರಹ ಇಂದಿಗೂ ಎಲ್ಲರಿಗೂ ತೆರೆದಿದೆ. ಅದನ್ನು ತಂದು, ನಮ್ಮ ಯಂತ್ರಕ್ಕೆ ಬೇಕಾದ್ದನ್ನು ಆರಿಸಿ ಕಂಪೈಲ್ ಮಾಡಿದರೆ ನಮ್ಮದೇ ತಿರುಳು ಸಿದ್ಧ.

ಆರಿಸುವುದೇ ದೊಡ್ಡ ಕೆಲಸ. ಸಾವಿರಾರು ಪ್ರಶ್ನೆಗಳು. ಈ ಕ್ಯಾಮರಾ ಬೇಕೇ, ಆ ವೈಫೈ ಬೇಕೇ? ಹಲವಕ್ಕೆ ಉತ್ತರ ಮೂರು ಬಗೆ: ತಿರುಳಿನೊಳಗೇ ಇರಲಿ, ಬೇಡ, ಇಲ್ಲವೇ ಮಾಡ್ಯೂಲ್ ಆಗಿ ಹೊರಗಿರಲಿ, ಬೇಕಾದಾಗ ಕರೆಯೋಣ.

"ಗೊತ್ತಿಲ್ಲದಿದ್ದರೆ ಬೇಡ ಅನ್ನು ಅಂತ ಎಷ್ಟೋ ಕಡೆ ಬರೆದಿದೆ ಅತ್ತೆ" ಎಂದು ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಗೊತ್ತಿಲ್ಲದಿದ್ದರೆ ಹೂಂ ಅನ್ನು ಎಂದಲ್ಲವೇ ನಮಗೆ ಕಲಿಸಿದ್ದು?

ಕರೆದಾಗ ಬರುವುದೇನೂ ಕೀಳಲ್ಲ. ನಮ್ಮ ಪುತ್ತೂರು, ಸುಳ್ಯ, ಕಡಬದ ಹೆಂಗಸರನ್ನೇ ನೋಡಿ. ಮನೆಯಲ್ಲಿ ಹವ್ಯಕವೋ ಅರೆಭಾಷೆಯೋ, ಅಂಗಡಿಯಲ್ಲಿ ತುಳು, ಶಾಲೆಯ ಟೀಚರ ಎದುರು ಪುಸ್ತಕದ ಕನ್ನಡ. ಒಂದು ಹಿಂದೆ ಸರಿಯುತ್ತದೆ, ಇನ್ನೊಂದು ಬರುತ್ತದೆ. ಯಾವುದೂ ಸುಳ್ಳಲ್ಲ. ಮಡಿ, ಮರ್ಯಾದೆ, ಉಪಚಾರಗಳಲ್ಲೂ ಎಷ್ಟೋ ಹೀಗೆ ಹೊರಗಿನ ಕಪಾಟಿನಲ್ಲಿ ಇರಬಹುದಾದವು. ಅವನ್ನೆಲ್ಲ ತಿರುಳಿಗೇ ತುಂಬಿ ಹೆಣ್ಣಿನ ಜೀವ ಭಾರ ಮಾಡಿದ್ದೇವೆ.

ಹಾಗೆಂದು ಎಲ್ಲವನ್ನೂ ಹೊರಗಿಡಲಾಗದು. ಮಾಡ್ಯೂಲ್‌ಗಳು ಇರುವುದು ಡಿಸ್ಕಿನಲ್ಲಿ. ಡಿಸ್ಕನ್ನು ಓದುವ ವಿದ್ಯೆಯನ್ನೇ ಮಾಡ್ಯೂಲ್ ಮಾಡಿ ಅದೇ ಡಿಸ್ಕಿನಲ್ಲಿಟ್ಟರೆ, ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದಂತೆ. ಯಂತ್ರ ಏಳುವುದೇ ಇಲ್ಲ. ಅದು ತಿರುಳಿನಲ್ಲೇ ಇರಬೇಕು, ಇಲ್ಲವೇ ಜೊತೆಗೆ ಕಟ್ಟಿಕೊಟ್ಟ ಸಣ್ಣ ಬುತ್ತಿಯಲ್ಲಿ.

ಮನುಷ್ಯರಲ್ಲಿ ಆ ಬೀಗದ ಕೈ ಯಾವುದು? ದಯೆ ಎಂದು ನನಗನ್ನಿಸುತ್ತದೆ. ಏಟು ತಿಂದ ಹೆಂಗಸೊಬ್ಬಳು ನಡುರಾತ್ರಿ ಬಾಗಿಲು ಬಡಿದರೆ ದಯೆಯನ್ನು ಎಲ್ಲಿಂದಲೋ ಕರೆಸಲು ಆಗುತ್ತದೆಯೇ? ಇಲ್ಲಿ ದಯೆ ಬೇಕು ಎಂದು ತಿಳಿಯುವುದಕ್ಕೇ ಮೊದಲು ದಯೆ ಬೇಕು. ಅವಳ ಜಾತಿ ಯಾವುದು, ಊರವರು ಏನಂದಾರು ಎಂಬ ಪ್ರಶ್ನೆಗಳಿಗೆ ಬೇಡ ಎಂದರಾಯಿತು. ಆ ಬಾಗಿಲು ಬಡಿಯುವವಳಲ್ಲೂ ಒಂದು ಇರಬೇಕು: ಇನ್ನು ಸಾಕು ಎನ್ನುವ ಬಲ. ಅದನ್ನು ತಿರುಳಿಗೆ ಹಾಕದೆ ಹುಡುಗಿಯರನ್ನು ಬೆಳೆಸುವುದು ಅನ್ಯಾಯ.

ಚಿಕ್ಕಂದಿನಲ್ಲಿ ನಮ್ಮ ಪ್ರಶ್ನೆಗಳಿಗೆ ಬೇರೆಯವರು ಉತ್ತರ ಬರೆದಿದ್ದಾರೆ, ನಿಜ. ಮತ್ತೆ ಕಟ್ಟಲು ಅಡ್ಡಿಯಿಲ್ಲವಲ್ಲ. ಹೊಸ ತಿರುಳು ಹಾಕುವವರು ಹಳೆಯದನ್ನು ಕೂಡಲೇ ಅಳಿಸುವುದಿಲ್ಲ. ಹೊಸದು ಏಳದಿದ್ದರೆ ಬೇಕಾದೀತೆಂದು ಉಳಿಸಿಕೊಳ್ಳುತ್ತಾರೆ. ಅಜ್ಜಿ, ಅಮ್ಮ ಕೊಟ್ಟದ್ದನ್ನು ನಾವೂ ಹಾಗೆಯೇ ಪಕ್ಕದಲ್ಲಿಟ್ಟುಕೊಂಡು ಕೆಲಸ ಶುರುಮಾಡಬಹುದು.