ಆಮೆನ್ ಅಂದರೆ ಏನು?

ಪ್ರಿಯರೇ, ನಾವು ಮಾತುಮಾತಿಗೂ "ಆಮೆನ್" ಅಂತೀವಿ. ಪ್ರಸಂಗ ಬೇಗ ಮುಗಿಯಲಿ ಅಂತ ಅನ್ನೋರೂ ಇದ್ದೀರಿ, ನನಗೆ ಗೊತ್ತು!

ಇದು ಇಬ್ರಿಯ ಪದ. ಮೂಲಾರ್ಥ, ಅಲುಗದೆ ಗಟ್ಟಿಯಾಗಿ ನಿಲ್ಲುವುದು. ವಿಮೋಚನಕಾಂಡ 17:12 ನೋಡಿರಿ. ಆರೋನನೂ ಹೂರನೂ ಆಧಾರ ಕೊಟ್ಟಾಗ ಮೋಶೆಯ ಕೈಗಳು ಹೊತ್ತು ಮುಳುಗುವ ತನಕ ಇಳಿಯಲಿಲ್ಲ. ಅಲ್ಲಿರೋದು ಇದೇ ಮೂಲದ "ಎಮುನಾ". ನಂಬಿಗಸ್ತಿಕೆಗೂ ಅದೇ ಪದ. ಹಳೇ ಒಡಂಬಡಿಕೆಯನ್ನು ಗ್ರೀಕಿಗೆ ತಂದವರು ಆಮೆನ್ ಅನ್ನು ಹೆಚ್ಚಿನ ಕಡೆ "ಹಾಗೆಯೇ ಆಗಲಿ" ಎಂದು ಬರೆದರು. ಅರಬ್ಬಿಯಲ್ಲಿ ಅದು ಆಮೀನ್. ಯೇಸು ಸ್ವಾಮಿ ಮಾತಿನ ಕೊನೆಗಲ್ಲ, ಮೊದಲಿಗೇ ಆಮೆನ್ ಅಂದರು. ನಮ್ಮ ಕನ್ನಡ ಬೈಬಲ್ಲಿನಲ್ಲಿ "ನಿಜವಾಗಿ" ಅಂತ ಇದೆಯಲ್ಲ, ಅದೇ.

ಈಗ ಧರ್ಮೋಪದೇಶಕಾಂಡ 27ಕ್ಕೆ ಬನ್ನಿ. ಲೇವಿಯರು 12 ಶಾಪ ಓದುತ್ತಾರೆ, ಜನ 12 ಸಲ ಆಮೆನ್ ಅನ್ನಬೇಕು. ಆಶೀರ್ವಾದಕ್ಕಲ್ಲ, ಶಾಪಕ್ಕೆ! ಅಂದರೆ, ನಾನು ತಪ್ಪಿದರೆ ಇದು ನನ್ನ ಮೇಲೇ ಬರಲಿ ಅಂತ ರುಜು ಹಾಕಿದ ಹಾಗೆ. ಅದರಲ್ಲಿ 17ನೇ ವಚನ, ನೆರೆಯವನ ಗಡಿಕಲ್ಲು ಸರಿಸುವವನ ಬಗ್ಗೆ. ಬದು ಒತ್ತಿದ ಅಣ್ಣತಮ್ಮಂದಿರು ನಮ್ಮ ಸಭೆಗಳಲ್ಲೂ ಇದ್ದಾರೆ, ಸುಮ್ಮನಿರೋದು ಬೇಡ.

ಆ ವಚನ ಈಗ ಓದುತ್ತೇನೆ. ಅನ್ನೋಕೆ ಆಗೋರು ಮಾತ್ರ ಆಮೆನ್ ಅನ್ನಿ. ಆಗದವರು ಮೊದಲು ಅಣ್ಣನಿಗೆ ಫೋನ್ ಮಾಡಿ ಬನ್ನಿ, ನಾವು ಕಾಯ್ತೀವಿ.